ಅಫ್ಘಾನಿಸ್ತಾನದ ಕೆಳಗೆ ಕಾಣುವ ಆ ಹೆಸರು: ಓಲಂಡ್ ದ್ವೀಪಗಳು

ಆನ್‌ಲೈನ್ ಅರ್ಜಿ ತುಂಬುವಾಗ ದೇಶ ಆರಿಸುವ ಪಟ್ಟಿ ತೆರೆದರೆ ಮೊದಲು ಬರುವುದು ಅಫ್ಘಾನಿಸ್ತಾನ. ಅನೇಕ ಪಟ್ಟಿಗಳಲ್ಲಿ ಅದರ ಕೆಳಗೇ, ಅಲ್ಬೇನಿಯಾಕ್ಕೂ ಮೊದಲು, ತಲೆ ಮೇಲೆ ಪುಟ್ಟ ಸೊನ್ನೆ ಹೊತ್ತ ‘ಎ’ ಅಕ್ಷರದಿಂದ ಶುರುವಾಗುವ ಹೆಸರೊಂದಿದೆ. ಇಂಡಿಯಾ ಹುಡುಕುತ್ತ ಕೆಳಗಿಳಿಯುವ ಅವಸರದಲ್ಲಿ ಅದನ್ನು ದಿನಾ ನೋಡಿಯೂ ನೋಡದಂತೆ ದಾಟುತ್ತೇವೆ. ಆ ಅಕ್ಷರವನ್ನು ಸ್ವೀಡಿಷ್‌ನಲ್ಲಿ ‘ಓ’ ಎಂದು ಉಚ್ಚರಿಸುವುದರಿಂದ ಹೆಸರು ಓಲಂಡ್. ಸೊನ್ನೆ ತೆಗೆದುಬಿಟ್ಟರೆ ಕಲಬುರಗಿ ಜಿಲ್ಲೆಯ ಆಳಂದದ ಇಂಗ್ಲಿಷ್ ಸ್ಪೆಲ್ಲಿಂಗೂ ಅದೇ ಆಗುತ್ತದೆ. ಎರಡಕ್ಕೂ ಅಷ್ಟೇ ನಂಟು.

ಓಲಂಡ್ ಸ್ವತಂತ್ರ ದೇಶವಲ್ಲ, ಫಿನ್ಲೆಂಡಿನ ಒಂದು ಪ್ರದೇಶ. ಆದರೂ ಅದಕ್ಕೆ ತನ್ನದೇ ಬಾವುಟ, ಶಾಸನಸಭೆ, ಅಂಚೆಚೀಟಿ, ಅಂತರ್ಜಾಲ ವಿಳಾಸದ ಬಾಲ ಎಲ್ಲ ಇವೆ. ಅಲ್ಲಿ ಫಿನ್ನಿಷ್ ಆಡಳಿತ ಭಾಷೆಯಲ್ಲ, ಸೇನೆ ಇರುವಂತಿಲ್ಲ, ಯುರೋಪಿಯನ್ ಒಕ್ಕೂಟದ ಮಾರಾಟ ತೆರಿಗೆ ವಲಯಕ್ಕೆ ಅದು ಸೇರಿಲ್ಲ. 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ಪೂರ್ಣ ಪ್ರಮಾಣದ ಯುದ್ಧಕ್ಕೆ ಹೊರಟಿತು. 2023ರ ಏಪ್ರಿಲ್ 4ರಂದು ಫಿನ್ಲೆಂಡ್ ನ್ಯಾಟೋ ಸೇರಿತು. ಬಾಲ್ಟಿಕ್ ಸಮುದ್ರ ಸುದ್ದಿಯಲ್ಲಿರುವುದೇ ರೂಢಿಯಾಗಿರುವ ಈ ಹೊತ್ತಿನಲ್ಲಿ ‘ನಡುನೀರಿನಲ್ಲಿ ಸೇನೆಯಿಲ್ಲದ ದ್ವೀಪಗಳು ಯಾಕಿವೆ’ ಎಂಬ ಪ್ರಶ್ನೆ ಮತ್ತೆ ಮತ್ತೆ ಏಳುತ್ತಿದೆ. ಉತ್ತರ ಮೂರು ಹಳೆಯ ಕಾಗದಗಳಲ್ಲಿದೆ: 1856ರದು, 1921ರದು, 1995ರದು. ಅಲ್ಲಿನ ದಿನನಿತ್ಯದ ವಿಚಿತ್ರಗಳು ಬಹುತೇಕ ಈ ಮೂರರಲ್ಲಿ ಒಂದಕ್ಕೆ ಹೋಗಿ ಮುಟ್ಟುತ್ತವೆ.

## ಎಲ್ಲಿದೆ, ಎಷ್ಟಿದೆ

ಸ್ವೀಡನ್ ಮತ್ತು ಫಿನ್ಲೆಂಡಿನ ನಡುವೆ ಬಾಲ್ಟಿಕ್ ಸಮುದ್ರ ಉತ್ತರಕ್ಕೆ ಚಾಚಿಕೊಂಡ ಭಾಗವೇ ಬೋತ್ನಿಯಾ ಕೊಲ್ಲಿ. ಅದರ ಬಾಯಿಗೆ ಬಿರಡೆ ಇಟ್ಟಂತೆ ಓಲಂಡ್ ಕೂತಿದೆ. ಪಶ್ಚಿಮಕ್ಕೆ ಸುಮಾರು 40 ಕಿ.ಮೀ. ತೆರೆದ ನೀರು ದಾಟಿದರೆ ಸ್ವೀಡನ್. ಪೂರ್ವಕ್ಕೆ ಸಾವಿರಾರು ನಡುಗಡ್ಡೆಗಳು ಚೆಲ್ಲಿಕೊಂಡು ಫಿನ್ಲೆಂಡಿನ ಕರಾವಳಿಯವರೆಗೂ ಹೋಗುತ್ತವೆ. ಕಾಲು ಹೆಕ್ಟೇರಿಗಿಂತ ದೊಡ್ಡ ದ್ವೀಪಗಳನ್ನಷ್ಟೇ ಎಣಿಸಿದರೂ 6,700 ದಾಟುತ್ತವೆ. ಜನ ವಾಸಿಸುವುದು ಸುಮಾರು 60ರಲ್ಲಿ. ಒಟ್ಟು ನೆಲ 1,580 ಚ.ಕಿ.ಮೀ. ಆಸುಪಾಸು, ಬೆಂಗಳೂರು ನಗರ ಜಿಲ್ಲೆಗಿಂತ ಕಡಿಮೆ. ಜನಸಂಖ್ಯೆ 30 ಸಾವಿರ ಚಿಲ್ಲರೆ. ಹತ್ತರಲ್ಲಿ ಒಂಬತ್ತು ಜನ ಮುಖ್ಯ ದ್ವೀಪದಲ್ಲೇ ಇದ್ದಾರೆ, ಅವರಲ್ಲೂ ಸುಮಾರು 12 ಸಾವಿರ ಜನ ರಾಜಧಾನಿ ಮಾರೀಹಾಮ್ನ್‌ನಲ್ಲಿ. ಊರಿನ ಹೆಸರು ರಷ್ಯಾದ ಮಹಾರಾಣಿ ಮಾರಿಯಾಳದು. ಅವಳ ಗಂಡ, ಚಕ್ರವರ್ತಿ 2ನೇ ಅಲೆಕ್ಸಾಂಡರನ ಕಾಲದಲ್ಲಿ, 1861ರಲ್ಲಿ ಆ ಊರು ಹುಟ್ಟಿತು.

ಬಂಡೆ ಬಹುಪಾಲು ಕೆಂಪು ಗ್ರಾನೈಟ್. ಅದನ್ನೇ ಪುಡಿಮಾಡಿ ಹಾಕುವುದರಿಂದ ರಸ್ತೆಗಳೂ ಕೆಂಪಗೆ ಕಾಣುತ್ತವೆ. ಅತಿ ಎತ್ತರದ ಜಾಗ 129 ಮೀಟರ್.

ಸಮುದ್ರದ ವಿಷಯದಲ್ಲಿ ನಮ್ಮ ಕರಾವಳಿಯವರ ಅಂದಾಜು ಇಲ್ಲಿ ನಡೆಯುವುದಿಲ್ಲ. ಸಾಗರದ ನೀರಿನಲ್ಲಿ ಉಪ್ಪು ಲೀಟರಿಗೆ ಸುಮಾರು 35 ಗ್ರಾಂ ಇದ್ದರೆ ಇಲ್ಲಿ 6 ಗ್ರಾಂ ಆಸುಪಾಸು. ಬಾಲ್ಟಿಕ್‌ಗೆ ಸುತ್ತಲಿನ ನದಿಗಳು ಸಿಹಿನೀರು ಸುರಿಯುತ್ತಲೇ ಇರುತ್ತವೆ. ಉಪ್ಪುನೀರು ಒಳಬರಲು ಇರುವುದು ಡೆನ್ಮಾರ್ಕಿನ ಬಳಿಯ ಇಕ್ಕಟ್ಟು, ಆಳವಿಲ್ಲದ ದಾರಿಗಳು ಮಾತ್ರ. ಅದರಿಂದಾಗಿ ಕೆರೆ ಮೀನೂ ಕಡಲ ಮೀನೂ ಒಂದೇ ನೀರಿನಲ್ಲಿ ಬದುಕುತ್ತವೆ. ಭರತ ಇಳಿತ ಎಂಬುದು ಹೆಚ್ಚುಕಡಿಮೆ ಇಲ್ಲ. ಚಳಿಗಾಲದಲ್ಲಿ ನೀರು ಬೇಗ ಹೆಪ್ಪುಗಟ್ಟುತ್ತದೆ. ಹೊಲಗದ್ದೆಗಳಿಂದ ಗೊಬ್ಬರದ ಅಂಶ ಬಂದು ಸೇರಿದರೆ ತೊಳೆದುಹೋಗಲು ದಾರಿಯಿಲ್ಲದೆ ಬೇಸಿಗೆಯಲ್ಲಿ ವಿಷದ ಪಾಚಿ ಹಬ್ಬುತ್ತದೆ.

## ನೆಲ ಏಳುತ್ತಿದೆ

ಹಿಮಯುಗದಲ್ಲಿ ಈ ಪ್ರದೇಶದ ಮೇಲೆ ಕಿಲೋಮೀಟರುಗಟ್ಟಲೆ ದಪ್ಪದ ಮಂಜುಗಡ್ಡೆ ಕೂತಿತ್ತು. ಹತ್ತಿ ಹಾಸಿಗೆಯ ಮೇಲೆ ಬಹಳ ಹೊತ್ತು ಕೂತವರು ಎದ್ದುಹೋದ ಮೇಲೆ ಹಳ್ಳ ನಿಧಾನಕ್ಕೆ ತುಂಬಿಕೊಳ್ಳುತ್ತದಲ್ಲ, ಹಾಗೆಯೇ ಮಂಜು ಕರಗಿ ಸಾವಿರಾರು ವರ್ಷ ಕಳೆದರೂ ನೆಲ ಇನ್ನೂ ಮೇಲೇಳುತ್ತಿದೆ. ವರ್ಷಕ್ಕೆ ಸುಮಾರು 5 ಮಿ.ಮೀ., ಎಂದರೆ ನೂರು ವರ್ಷಕ್ಕೆ ಅರ್ಧ ಮೀಟರ್. ದಡ ಇಳಿಜಾರಾಗಿ ಚಪ್ಪಟೆಯಾಗಿರುವ ಕಡೆ ಅರ್ಧ ಮೀಟರ್ ಸಾಕು, ಅಜ್ಜ ದೋಣಿ ಕಟ್ಟುತ್ತಿದ್ದ ಜಾಗ ಮೊಮ್ಮಗನ ಕಾಲಕ್ಕೆ ಹುಲ್ಲುಗಾವಲಾಗುತ್ತದೆ. ಮಧ್ಯಯುಗದ ಕಾಸ್ಟೆಲ್‌ಹೋಲ್ಮ್ ಕೋಟೆಯ ಸುತ್ತ ಒಂದು ಕಾಲಕ್ಕೆ ನೀರಿತ್ತು, ಈಗ ಬಹುಪಾಲು ಹುಲ್ಲು.

## ಮೊದಲ ಕಾಗದ: ಸೇನೆ ಏಕಿಲ್ಲ

1809ರವರೆಗೆ ಓಲಂಡ್ ಮತ್ತು ಫಿನ್ಲೆಂಡ್ ಎರಡೂ ಸ್ವೀಡನ್ ರಾಜ್ಯದ ಭಾಗಗಳಾಗಿದ್ದವು. ಆ ವರ್ಷ ಸೋತ ಸ್ವೀಡನ್ ಎರಡನ್ನೂ ರಷ್ಯಾಕ್ಕೆ ಬಿಟ್ಟುಕೊಟ್ಟಿತು. ಸ್ವೀಡನ್ ರಾಜಧಾನಿ ಸ್ಟಾಕ್‌ಹೋಮಿನ ಬಾಗಿಲಲ್ಲೇ ಜಾಗ ಸಿಕ್ಕ ಮೇಲೆ ರಷ್ಯಾ ಸುಮ್ಮನಿರಲಿಲ್ಲ. 1832ರಲ್ಲಿ ಬೂಮಾರ್ಸುಂಡ್ ಎಂಬಲ್ಲಿ ಭಾರೀ ಕೋಟೆ ಕಟ್ಟಲು ತೊಡಗಿತು. ಕೆಲಸ ಮುಗಿಯುವ ಮೊದಲೇ ಕ್ರಿಮಿಯಾ ಯುದ್ಧ ಬಂತು. 1854ರ ಆಗಸ್ಟಿನಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ಪಡೆಗಳು ಕೋಟೆ ಹಿಡಿದು, ಸಿಡಿಮದ್ದಿಟ್ಟು ಉರುಳಿಸಿದವು. 1856ರ ಪ್ಯಾರಿಸ್ ಶಾಂತಿ ಒಪ್ಪಂದದಲ್ಲಿ ರಷ್ಯಾ ಇನ್ನು ಮುಂದೆ ಓಲಂಡಿನಲ್ಲಿ ಕೋಟೆ ಕಟ್ಟುವಂತಿಲ್ಲ, ಸೇನಾ ನೆಲೆ ಇಡುವಂತಿಲ್ಲ ಎಂದಾಯಿತು. ಬೂಮಾರ್ಸುಂಡಿನ ಕೆಂಪು ಕಲ್ಲಿನ ಅವಶೇಷ ಇಂದಿಗೂ ರಸ್ತೆಯ ಇಬ್ಬದಿ ಬಿದ್ದಿದೆ.

ಇಲ್ಲಿ ಎರಡು ಪದಗಳನ್ನು ಬೇರೆಬೇರೆಯಾಗಿ ಹಿಡಿದುಕೊಳ್ಳಬೇಕು, ಸುದ್ದಿಗಳಲ್ಲಿ ಅವು ಕಲಸಿಹೋಗುತ್ತವೆ. ನಿಸ್ಸೇನೀಕರಣ ಎಂದರೆ ಶಾಂತಿಕಾಲದಲ್ಲಿ ಅಲ್ಲಿ ಸೈನಿಕರು, ಕೋಟೆ, ಶಸ್ತ್ರಾಗಾರ ಇರಬಾರದು. ತಟಸ್ಥೀಕರಣ ಎಂದರೆ ಯುದ್ಧ ಬಂದರೂ ಆ ಜಾಗವನ್ನು ಯಾರೂ ಯುದ್ಧಕ್ಕೆ ಬಳಸಬಾರದು. 1856ರದು ಮೊದಲನೆಯದನ್ನು ಮಾತ್ರ ಹೇಳಿತ್ತು. 1921ರ ಅಕ್ಟೋಬರ್ 20ರಂದು ಜರ್ಮನಿ, ಬ್ರಿಟನ್, ಫ್ರಾನ್ಸ್, ಸ್ವೀಡನ್, ಫಿನ್ಲೆಂಡ್ ಸೇರಿ ಹತ್ತು ದೇಶಗಳು ಸಹಿ ಹಾಕಿದ ಒಪ್ಪಂದ ಎರಡನೆಯದನ್ನೂ ಸೇರಿಸಿತು. ಸೋವಿಯತ್ ರಷ್ಯಾ ಆಗ ಸಹಿ ಹಾಕಿರಲಿಲ್ಲ. 1940ರಲ್ಲಿ ಅದು ಫಿನ್ಲೆಂಡಿನ ಜೊತೆ ಪ್ರತ್ಯೇಕ ಒಪ್ಪಂದ ಮಾಡಿಕೊಂಡು, ನಿಸ್ಸೇನೀಕರಣ ಪಾಲನೆಯಾಗುತ್ತಿದೆಯೇ ಎಂದು ನೋಡಲು ಮಾರೀಹಾಮ್ನ್‌ನಲ್ಲಿ ತನ್ನ ದೂತಕಚೇರಿ ತೆರೆಯುವ ಹಕ್ಕು ಪಡೆಯಿತು. ನಾಲ್ಕು ಬೀದಿಯ ಪುಟ್ಟ ಊರಲ್ಲಿ ರಷ್ಯಾದ ಕಚೇರಿ ಏಕಿದೆ ಎಂಬುದಕ್ಕೆ ಕಾರಣ ಇದು.

ಸೇನೆಯಿಲ್ಲ ಎಂದರೆ ರಕ್ಷಣೆಯೇ ಇಲ್ಲವೆಂದಲ್ಲ. ಪೊಲೀಸರು, ಗಡಿ ಕಾವಲಿನವರು ಇದ್ದಾರೆ. ಫಿನ್ಲೆಂಡ್ ತನ್ನ ಒಂದೆರಡು ಹಗುರ ಯುದ್ಧನೌಕೆಗಳನ್ನು ಆಗಾಗ ತಪಾಸಣೆಗೆ ಕಳಿಸಬಹುದು. ಬಾಲ್ಟಿಕ್ ಯುದ್ಧದಲ್ಲಿ ಸಿಕ್ಕಿಕೊಂಡರೆ ದ್ವೀಪದ ಸುತ್ತ ನೀರಿನಲ್ಲಿ ತಾತ್ಕಾಲಿಕವಾಗಿ ಸಿಡಿಗುಂಡು (ಮೈನ್) ಹಾಸುವುದಕ್ಕೂ 1921ರ ಒಪ್ಪಂದ ಅವಕಾಶ ಕೊಡುತ್ತದೆ. ಫಿನ್ಲೆಂಡ್ ನ್ಯಾಟೋ ಸೇರಿದರೂ ಈ ಒಪ್ಪಂದಗಳು ರದ್ದಾಗಿಲ್ಲ.

## ಎರಡನೇ ಕಾಗದ: ಭಾಷೆ ಮತ್ತು ‘ಊರಹಕ್ಕು’

1917ರಲ್ಲಿ ರಷ್ಯಾ ಸಾಮ್ರಾಜ್ಯ ಕುಸಿಯುವ ಹೊತ್ತಿಗೆ ಓಲಂಡಿನ ಪ್ರತಿನಿಧಿಗಳು ಫಿನ್‌ಸ್ಟ್ರೋಮ್ ಎಂಬಲ್ಲಿ ಸೇರಿ ಮತ್ತೆ ಸ್ವೀಡನ್ ಜೊತೆ ಹೋಗಬೇಕೆಂದು ತೀರ್ಮಾನಿಸಿದರು. ಮನೆಮನೆಯಿಂದ ಏಳು ಸಾವಿರಕ್ಕೂ ಹೆಚ್ಚು ಸಹಿ ಬಂತು. ಅದೇ ವರ್ಷ ಸ್ವತಂತ್ರವಾದ ಫಿನ್ಲೆಂಡ್ ಒಪ್ಪಲಿಲ್ಲ. ಬದಲಿಗೆ 1920ರಲ್ಲಿ ಸ್ವಾಯತ್ತತೆಯ ಕಾನೂನು ಮಾಡಿತು. ಓಲಂಡಿನವರು ಅದನ್ನು ತಿರಸ್ಕರಿಸಿದರು. ವ್ಯಾಜ್ಯ ಆಗಷ್ಟೇ ಹುಟ್ಟಿದ್ದ ರಾಷ್ಟ್ರಸಂಘದ ಮುಂದೆ ಹೋಯಿತು. 1921ರ ಜೂನ್‌ನಲ್ಲಿ ಬಂದ ತೀರ್ಪು ಮೂವರಿಗೂ ಒಂದೊಂದು ಕೊಟ್ಟಿತು: ನೆಲ ಫಿನ್ಲೆಂಡಿಗೆ, ಸ್ವೀಡಿಷ್ ಭಾಷೆ–ಸಂಸ್ಕೃತಿಯ ಭರವಸೆ ಓಲಂಡಿಗೆ, ಅಲ್ಲಿ ಸೇನೆ ನಿಲ್ಲದೆಂಬ ಖಾತರಿ ಸ್ವೀಡನ್‌ಗೆ.

1922ರ ಜೂನ್ 9ರಂದು ಮೊದಲ ಸಲ ಸೇರಿದ ಶಾಸನಸಭೆಗೆ ಲಾಗ್ಟಿಂಗ್ ಎಂದು ಹೆಸರು, ಸದಸ್ಯರು 30. ಈಗ ನಡೆಯುತ್ತಿರುವುದು 1993ರಲ್ಲಿ ಜಾರಿಗೆ ಬಂದ ಮೂರನೇ ಸ್ವಾಯತ್ತತಾ ಕಾಯ್ದೆ. ಶಿಕ್ಷಣ, ಆರೋಗ್ಯ, ಪೊಲೀಸು, ಅಂಚೆ, ಊರಾಡಳಿತ ಎಲ್ಲ ಓಲಂಡಿನ ಕೈಯಲ್ಲಿ. ವಿದೇಶಾಂಗ, ನ್ಯಾಯಾಲಯ, ಸುಂಕ, ಮುಖ್ಯ ತೆರಿಗೆಗಳು ಫಿನ್ಲೆಂಡಿನ ಕೈಯಲ್ಲಿ. ಈ ಕಾಯ್ದೆಯನ್ನು ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿ ಒಬ್ಬಂಟಿಯಾಗಿ ಬದಲಿಸುವಂತಿಲ್ಲ, ಲಾಗ್ಟಿಂಗ್ ಒಪ್ಪಲೇಬೇಕು. 200 ಸದಸ್ಯರ ಫಿನ್ಲೆಂಡ್ ಸಂಸತ್ತಿಗೆ ಇಲ್ಲಿಂದ ಹೋಗುವುದು ಒಬ್ಬರೇ.

ಈ ವ್ಯವಸ್ಥೆಯ ಮೂಲಕಂಬ ‘ಹೆಮ್‌ಬ್ಯುಗ್ಡ್ಸ್‌ರೆಟ್’. ಅಕ್ಷರಶಃ ಹೇಳಿದರೆ ‘ಹುಟ್ಟೂರಿನ ಹಕ್ಕು’, ಇಲ್ಲಿ ಊರಹಕ್ಕು ಎನ್ನೋಣ. ಲಾಗ್ಟಿಂಗಿಗೆ ಮತ ಹಾಕಲು, ಚುನಾವಣೆಗೆ ನಿಲ್ಲಲು, ಅನುಮತಿಯ ತಾಪತ್ರಯವಿಲ್ಲದೆ ಜಮೀನು ಕೊಳ್ಳಲು ಇದು ಬೇಕು. ತಂದೆ ಅಥವಾ ತಾಯಿಗೆ ಇದ್ದು, ಮಗು ಓಲಂಡಿನಲ್ಲಿ ಬೆಳೆಯುತ್ತಿದ್ದರೆ ಹುಟ್ಟಿನಿಂದಲೇ ಬರುತ್ತದೆ. ಹೊರಗಿನಿಂದ ಬಂದವರಿಗೆ ಮೂರು ಷರತ್ತು: ಫಿನ್ಲೆಂಡಿನ ಪೌರತ್ವ ಇರಬೇಕು, ಓಲಂಡಿನಲ್ಲಿ ಸತತ 5 ವರ್ಷ ವಾಸಿಸಿರಬೇಕು, ಸ್ವೀಡಿಷ್ ಸಾಕಷ್ಟು ಬರಬೇಕು. ಪಡೆದವರೂ ಬೇರೆಡೆ ಖಾಯಮ್ಮಾಗಿ ನೆಲೆಸಿ 5 ವರ್ಷ ಕಳೆದರೆ ಕಳೆದುಕೊಳ್ಳುತ್ತಾರೆ. ಫಿನ್ಲೆಂಡಿನಲ್ಲಿ ಗಂಡಸರಿಗೆ ಸೈನಿಕ ಸೇವೆ ಕಡ್ಡಾಯ. ಊರಹಕ್ಕು ಇದ್ದು, 12 ವರ್ಷ ತುಂಬುವ ಮೊದಲೇ ಓಲಂಡಿಗೆ ಬಂದವರಿಗೆ ಮಾತ್ರ ಅದರಿಂದ ವಿನಾಯಿತಿ.

ಮುಖ್ಯಭೂಮಿಯಿಂದ ಬೇಸಿಗೆ ಮನೆ ಕೊಳ್ಳಬಂದ ಫಿನ್ನಿಷರಿಗೆ ಇದು ತಮ್ಮ ದೇಶದೊಳಗೇ ಎದ್ದ ಗೋಡೆಯಂತೆ ಕಾಣುವುದುಂಟು. ದ್ವೀಪದವರು ಕೊಡುವ ಲೆಕ್ಕ ಬೇರೆ: 56 ಲಕ್ಷ ಜನರ ದೇಶದಲ್ಲಿ 30 ಸಾವಿರ ಜನರ ಜಮೀನು ಮಾರುಕಟ್ಟೆಯನ್ನು ತೆರೆದಿಟ್ಟರೆ ಭಾಷೆ ಎಷ್ಟು ತಲೆಮಾರು ಉಳಿದೀತು?

## ಮೂರನೇ ಕಾಗದ: ನಡುರಾತ್ರಿ ಹಡಗು ನಿಲ್ಲುವುದೇಕೆ

ಸ್ಟಾಕ್‌ಹೋಮಿನಿಂದ ಫಿನ್ಲೆಂಡಿನ ಹೆಲ್ಸಿಂಕಿಗೋ ಟುರ್ಕುಗೋ ಹೋಗುವ ದೊಡ್ಡ ಹಡಗುಗಳು ಓಲಂಡಿನ ಮಾರೀಹಾಮ್ನ್ ಅಥವಾ ಲೊಂಗ್‌ನೆಸ್ ಬಂದರಿಗೆ ಬಂದು ಸ್ವಲ್ಪ ಹೊತ್ತು ನಿಂತು ಹೊರಡುತ್ತವೆ. ಎಷ್ಟೋ ಸಲ ಅದು ಎಲ್ಲರೂ ಮಲಗಿರುವ ಹೊತ್ತು. ಇಳಿಯುವವರು, ಹತ್ತುವವರು ಬೆರಳೆಣಿಕೆ. ಸಾವಿರಾರು ಜನ ಹೊತ್ತ ಹಡಗಿಗೆ ಇಂಥ ನಿಲುಗಡೆ ಯಾಕೆ?

ಯುರೋಪಿಯನ್ ಒಕ್ಕೂಟದ ದೇಶಗಳ ನಡುವೆ ಓಡುವ ಹಡಗುಗಳಲ್ಲಿ ತೆರಿಗೆರಹಿತ ಮಾರಾಟ 1999ರ ಜುಲೈ 1ಕ್ಕೆ ನಿಂತಿತು. ಒಂದೇ ಮನೆಯೊಳಗಿನ ಎರಡು ಕೋಣೆಗಳ ನಡುವೆ ‘ವಿದೇಶ’ ಎಲ್ಲಿಂದ ಬಂತು ಎಂಬುದು ತರ್ಕ. ಆದರೆ ಫಿನ್ಲೆಂಡ್ 1995ರಲ್ಲಿ ಒಕ್ಕೂಟ ಸೇರುವಾಗ ಓಲಂಡಿಗಾಗಿ ಪ್ರತ್ಯೇಕ ಅನುಬಂಧ ಬರೆಸಿಕೊಂಡಿತ್ತು. ಅದರ ಪ್ರಕಾರ ಓಲಂಡ್ ಒಕ್ಕೂಟದಲ್ಲಿದೆ, ಅದರ ಸುಂಕ ವಲಯದಲ್ಲೂ ಇದೆ. ವ್ಯಾಟ್ ಮತ್ತು ಅಬಕಾರಿ ತೆರಿಗೆಯ ವಲಯದಲ್ಲಿ ಮಾತ್ರ ಇಲ್ಲ. ವ್ಯಾಟ್ ಎಂದರೆ ಹೆಚ್ಚುಕಡಿಮೆ ನಮ್ಮ ಜಿಎಸ್‌ಟಿ ಇದ್ದಂತೆ. ಹಡಗು ಓಲಂಡಿನ ಬಂದರನ್ನು ಮುಟ್ಟಿದರೆ ಅದು ತೆರಿಗೆ ವಲಯದ ಹೊರಗೆ ಹೋಗಿ ಬಂದ ಲೆಕ್ಕ, ಅಷ್ಟಕ್ಕೇ ಅಂಗಡಿಯಲ್ಲಿ ತೆರಿಗೆಯಿಲ್ಲದೆ ಮದ್ಯ, ಸಿಗರೇಟು, ಸುಗಂಧದ್ರವ್ಯ ಮಾರಬಹುದು. ಫಿನ್ಲೆಂಡ್ ಮತ್ತು ಸ್ವೀಡನ್ ಎರಡರಲ್ಲೂ ಮದ್ಯದ ತೆರಿಗೆ ಜೋರು. ಟಿಕೆಟ್ ಅಗ್ಗ ಇರುವುದು ಈ ಅಂಗಡಿಯ ಬಲದಿಂದ.

ಕೊಂಡವರು ಇಳಿಯುವಾಗ ಮಿತಿ ಇದೆ. ಒಕ್ಕೂಟದ ಹೊರಗಿಂದ ಬಂದವರಿಗೆ ಅನ್ವಯಿಸುವ ಅಳತೆಯೇ ಇಲ್ಲೂ: ಗಟ್ಟಿ ಮದ್ಯ 1 ಲೀಟರ್, ವೈನ್ 4 ಲೀಟರ್, ಬಿಯರ್ 16 ಲೀಟರ್, ಸಿಗರೇಟು 200.

ಇದರ ಇನ್ನೊಂದು ಮುಖ ದ್ವೀಪದವರಿಗೆ ಗೊತ್ತು. ಸ್ವೀಡನ್ನಿನ ಆನ್‌ಲೈನ್ ಅಂಗಡಿಯಲ್ಲಿ 100 ಯೂರೋ ಬೆಲೆಯ ಬೂಟು ಕೊಂಡರೆನ್ನಿ. ಅದರಲ್ಲಿ 80 ಬೆಲೆ, 20 ಸ್ವೀಡನ್ನಿನ ವ್ಯಾಟ್. ಓಲಂಡಿಗೆ ಕಳಿಸುವುದು ರಫ್ತಿನ ಹಾಗಾದ್ದರಿಂದ ಅಂಗಡಿಯವರು ಆ 20 ಕಳೆದು ಬಿಲ್ ಮಾಡಬೇಕು. ಇಲ್ಲಿಗೆ ಬಂದ ಮೇಲೆ 80ರ ಮೇಲೆ ಫಿನ್ಲೆಂಡಿನ 25.5 ಶೇಕಡಾ, 20 ಯೂರೋ 40 ಸೆಂಟ್ ಕಟ್ಟಬೇಕು. ಎಲ್ಲ ಸರಿಹೋದರೆ ವ್ಯತ್ಯಾಸ ಚಿಲ್ಲರೆ ಕಾಸು. ಎಡವುವುದು ಇಲ್ಲಿ: ಮಾರುವವರಿಗೆ ಈ ನಿಯಮ ಗೊತ್ತಿಲ್ಲದೆ ವ್ಯಾಟ್ ಸೇರಿಸಿಯೇ ಕಳಿಸಿದರೆ ಕೊಂಡವರು ಎರಡು ಸಲ ತೆರಿಗೆ ಕಟ್ಟುತ್ತಾರೆ. ಕಾಗದಪತ್ರದ ರಗಳೆ ಬೇಡವೆಂದು ಸಣ್ಣ ಅಂಗಡಿಗಳು ಓಲಂಡಿಗೆ ಕಳಿಸುವುದೇ ಇಲ್ಲ. ಟುರ್ಕುವಿನಿಂದ ಮಾರೀಹಾಮ್ನ್‌ಗೆ, ಎಂದರೆ ಒಂದೇ ದೇಶದೊಳಗೆ ಒಂದೇ ದರದ ತೆರಿಗೆಯಿರುವ ಸಾಮಾನು ಕಳಿಸಿದರೂ ನಡುವೆ ತೆರಿಗೆ ಗಡಿ ದಾಟಬೇಕು, ಘೋಷಣೆ ಕೊಡಬೇಕು.

## ದುಡ್ಡು ಬರುವ ದಾರಿಗಳು

ಹಡಗೇ ಇಲ್ಲಿನ ಹಳೆಯ ಕಸುಬು. ರೈತರೇ ಮರದ ಹಡಗು ಕಟ್ಟಿ, ಬೇಸಾಯದ ಜೊತೆಗೆ ಸರಕು ಸಾಗಿಸುತ್ತಿದ್ದರು. ಜಗತ್ತೆಲ್ಲ ಉಗಿಹಡಗಿಗೆ ಬದಲಾದಾಗ ಮಾರೀಹಾಮ್ನ್‌ನ ಗುಸ್ತಾಫ್ ಎರಿಕ್ಸನ್ (1872–1947) ಬೇರೆಯವರು ಬೇಡವೆಂದ ಹಾಯಿಹಡಗುಗಳನ್ನು ಅಗ್ಗಕ್ಕೆ ಕೊಂಡು ಆಸ್ಟ್ರೇಲಿಯಾದ ಗೋಧಿಯನ್ನು ಯುರೋಪಿಗೆ ತರಿಸುತ್ತಿದ್ದ. ಗಾಳಿಗೆ ಇಂಧನದ ಖರ್ಚಿಲ್ಲ, ಗೋಧಿಗೆ ಅವಸರವಿಲ್ಲ, ಲೆಕ್ಕ ಅಷ್ಟೇ. 1903ರಲ್ಲಿ ಗ್ಲಾಸ್ಗೋದಲ್ಲಿ ಕಟ್ಟಿದ ಅವನ ನಾಲ್ಕು ಕಂಬದ ‘ಪೊಮ್ಮರ್ನ್’ ಈಗ ಮಾರೀಹಾಮ್ನ್‌ನಲ್ಲಿ ವಸ್ತುಸಂಗ್ರಹಾಲಯ. ವೈಕಿಂಗ್ ಲೈನ್ ಕಂಪನಿಯ ಕೇಂದ್ರ ಕಚೇರಿಯೂ ಇದೇ ಊರಲ್ಲಿ. ಬ್ಯಾಂಕು, ಹಡಗು ವಿಮೆ ಇವೂ ಸಮುದ್ರದ ಬೆನ್ನುಹತ್ತಿ ಬೆಳೆದವು. ಹಡಗುಗಳಲ್ಲಿ ಜೂಜಿನ ಯಂತ್ರ ಇಡುವ ‘ಪಾಫ್’ 1966ರಲ್ಲಿ ಹುಟ್ಟಿದ್ದು, ಸಾರ್ವಜನಿಕ ಒಡೆತನದ್ದು. ಅದರ ಲಾಭ ಓಲಂಡಿನ ಸಂಘಸಂಸ್ಥೆಗಳಿಗೆ ಹಂಚಿಕೆಯಾಗುತ್ತದೆ.

ನೆಲದ ಮೇಲೆ ಸೇಬು, ಈರುಳ್ಳಿ, ಆಲೂಗಡ್ಡೆ. ಬೇಸಿಗೆಯಲ್ಲಿ ಕಾದ ಸಮುದ್ರ ಶರತ್ಕಾಲದಲ್ಲಿ ಮೆಲ್ಲಗೆ ಆರುವುದರಿಂದ ಮೊದಲ ಹಿಮ ತಡವಾಗಿ ಬೀಳುತ್ತದೆ. ಫಿನ್ಲೆಂಡಿನಲ್ಲಿ ಮಾರಾಟಕ್ಕೆ ಬೆಳೆಯುವ ಸೇಬಿನ ಬಹುಪಾಲು ಇಲ್ಲಿಯದೇ. ಆಲೂಗಡ್ಡೆಯ ದೊಡ್ಡ ಪಾಲು ಸಾಲ್ಟ್‌ವಿಕ್‌ನ ಚಿಪ್ಸ್ ಕಾರ್ಖಾನೆಗೆ ಹೋಗುತ್ತದೆ.

ಸರ್ಕಾರದ ಖಜಾನೆಗೆ ಹಣ ಬರುವ ಬಗೆಯೂ ವಿಶಿಷ್ಟ. ತೆರಿಗೆಯನ್ನು ಫಿನ್ಲೆಂಡ್ ಎತ್ತಿಕೊಂಡು ತನ್ನ ಆದಾಯದ ನಿಗದಿತ ಪಾಲನ್ನು ಇಡಿಗಂಟಾಗಿ ಓಲಂಡಿಗೆ ಕೊಡುತ್ತದೆ. 1993ರ ಕಾಯ್ದೆಯಲ್ಲಿ ಅದು 0.45 ಶೇಕಡಾ ಇತ್ತು, ಮುಂದೆ ಪರಿಷ್ಕರಣೆ ಆಗಿದೆ. ಓಲಂಡಿನವರು ಕಟ್ಟುವ ಆದಾಯ ತೆರಿಗೆ ಇಡೀ ದೇಶದ್ದರ 0.5 ಶೇಕಡಾ ಮೀರಿದರೆ ಮೀರಿದ್ದು ವಾಪಸ್ಸು. ಇದಕ್ಕೆ ಅಲ್ಲಿ ಆಡುಮಾತಿನಲ್ಲಿ ‘ದುಡಿಮೆಯ ಕಾಸು’ ಎನ್ನುತ್ತಾರೆ.

## ದ್ವೀಪದಾಚೆಯ ದ್ವೀಪಗಳು

ಸೇತುವೆ ಆಗುವ ಮುನ್ನ ಶರಾವತಿ ಹಿನ್ನೀರಿನಲ್ಲಿ ಬಸ್ಸು–ಕಾರು ಹೊತ್ತು ಸಿಗಂದೂರಿಗೆ ಹೋಗುತ್ತಿದ್ದ ಲಾಂಚ್ ನೆನಪಿರುವವರಿಗೆ ಶೋಕಾರ್, ಕುಮ್ಲಿಂಗೆ, ಬ್ರೆಂಡೊ, ಫೋಗ್ಲೊ, ಸೊಟ್ಟುಂಗ ಜನರ ಬದುಕು ಬೇಗ ಅರ್ಥವಾಗುತ್ತದೆ. ಮುಖ್ಯ ದ್ವೀಪದಿಂದ ದೂರದ ಈ ಊರುಗಳಿಗೆ ಸರ್ಕಾರಿ ಲಾಂಚ್‌ಗಳೇ ರಸ್ತೆ. ಚಿಕ್ಕ ಕಾಲುವೆಗಳಲ್ಲಿ ಎರಡು ದಡದ ನಡುವೆ ಹಾಕಿದ ಉಕ್ಕಿನ ಹಗ್ಗ ಹಿಡಿದು ಓಡುವ ಲಾಂಚ್ ಇದೆ, ಅದಕ್ಕೆ ಟಿಕೆಟ್ ಇಲ್ಲ. ದೂರದ ಮಾರ್ಗಗಳಲ್ಲಿ ಕಾರಿಗೆ ಮೊದಲೇ ಜಾಗ ಕಾದಿರಿಸಬೇಕು. ಬೇಸಿಗೆಯಲ್ಲಿ ಹಾಗೆ ಮಾಡದೆ ಬಂದವರು ದಡದಲ್ಲೇ ಉಳಿಯುತ್ತಾರೆ.

ಓಲಂಡಿನ 16 ಸ್ಥಳೀಯ ಸಂಸ್ಥೆಗಳಲ್ಲಿ ಸೊಟ್ಟುಂಗ ಫಿನ್ಲೆಂಡಿನಲ್ಲೇ ಅತಿ ಚಿಕ್ಕದು, ಸುಮಾರು 100 ಜನ. ಅಷ್ಟು ಜನಕ್ಕೂ ಊರಾಡಳಿತ, ಬಜೆಟ್, ಚುನಾವಣೆ ಇವೆ. ಪ್ರೌಢಶಾಲೆಯ ನಂತರದ ಓದಿಗೆ ಮಾರೀಹಾಮ್ನ್‌ಗೆ ಬರಬೇಕು, ಮುಂದಿನದಕ್ಕೆ ಹೆಚ್ಚಿನವರು ಸ್ವೀಡನ್ನಿಗೆ ಹೋಗುತ್ತಾರೆ. ಅವರಲ್ಲಿ ಎಷ್ಟು ಜನ ಮರಳುತ್ತಾರೆ ಎಂಬುದರ ಮೇಲೆ ಹೊರದ್ವೀಪಗಳ ಶಾಲೆ, ಅಂಗಡಿ, ಲಾಂಚ್ ವೇಳಾಪಟ್ಟಿ ಎಲ್ಲ ನಿಂತಿವೆ.

ಒಗ್ಗಟ್ಟು ಕಣ್ಣಿಗೆ ಕಾಣುವುದು ಜೂನ್ ಕೊನೆಯ ಮಧ್ಯಬೇಸಿಗೆ ಹಬ್ಬದಲ್ಲಿ. ಹಡಗಿನ ಕೂವೆಮರದಷ್ಟು ಎತ್ತರದ ಕಂಬಕ್ಕೆ ಎಲೆಹಾರ, ಪುಟ್ಟ ಹಾಯಿದೋಣಿ, ಬಣ್ಣದ ಕಾಗದ ಕಟ್ಟಿ ಹಳ್ಳಿಯವರೆಲ್ಲ ಸೇರಿ ಹಗ್ಗ, ಕೋಲು ಹಿಡಿದು ಎಬ್ಬಿಸುತ್ತಾರೆ. ಅದು ಮುಂದಿನ ಹಬ್ಬದವರೆಗೂ ಅಲ್ಲೇ ನಿಂತಿರುತ್ತದೆ.

## ರವೆ, ಏಲಕ್ಕಿ, ಒಲೆ

ಓಲಂಡ್ ಪ್ಯಾನ್‌ಕೇಕ್ ಎಂಬ ತಿಂಡಿಯ ಸಾಮಾನಿನ ಪಟ್ಟಿ ಓದಿದರೆ ನಮ್ಮ ಅಡುಗೆಮನೆಯದೇ ಅನಿಸುತ್ತದೆ. 1 ಲೀಟರ್ ಹಾಲಿಗೆ ಒಂದು ಸಣ್ಣ ಲೋಟದಷ್ಟು ರವೆ ಹಾಕಿ ಗಂಟಾಗದಂತೆ ತಿರುವಿ ಗಂಜಿ ಮಾಡುತ್ತಾರೆ. ಕೆಲವರು ಅನ್ನದ ಗಂಜಿ ಬಳಸುತ್ತಾರೆ. ಅದು ಆರಿದ ಮೇಲೆ 3–4 ಮೊಟ್ಟೆ, ಸಕ್ಕರೆ, ಸ್ವಲ್ಪ ಮೈದಾ, ಚಿಟಿಕೆ ಉಪ್ಪು, ಧಾರಾಳವಾಗಿ ಏಲಕ್ಕಿ ಪುಡಿ. ಬೆಣ್ಣೆ ಸವರಿದ ಅಗಲ ತಟ್ಟೆಯಲ್ಲಿ ಎರಡು ಬೆರಳು ದಪ್ಪಕ್ಕೆ ಸುರಿದು 200 ಡಿಗ್ರಿ ಶಾಖದಲ್ಲಿ ಮುಕ್ಕಾಲು ಗಂಟೆ, ಮೇಲ್ಭಾಗ ಕಂದಾಗುವವರೆಗೆ. ಕೆಡುವುದು ಸಾಮಾನ್ಯವಾಗಿ ಒಂದೇ ಕಡೆ: ಗಂಜಿ ಬಿಸಿಯಿರುವಾಗಲೇ ಮೊಟ್ಟೆ ಒಡೆದರೆ ಅದು ಅಲ್ಲೇ ಬೆಂದು ಎಳೆಎಳೆಯಾಗುತ್ತದೆ. ಒಣಗಿಸಿದ ಪ್ಲಮ್ ಹಣ್ಣಿನ ಗೊಜ್ಜು, ಕಡೆದ ಕೆನೆ ಜೊತೆಗೆ ತಿನ್ನುವುದು ವಾಡಿಕೆ. ಏಲಕ್ಕಿ ಬೆಳೆಯದ ನಾಡಿಗೆ ಅದರ ರುಚಿ ಹತ್ತಿಸಿದ್ದೂ ಹಡಗೇ.

## ಸ್ಟಾಕ್‌ಹೋಮ್, ಹೆಲ್ಸಿಂಕಿಯ ಕನ್ನಡಿಗರಿಗೆ

ವಾರಾಂತ್ಯದ ಹಡಗು ಹತ್ತುವ ಮುನ್ನ ತಿಳಿದಿರಬೇಕಾದ್ದು ಸ್ವಲ್ಪವೇ. ಓಲಂಡ್ ಶೆಂಗೆನ್ ಒಳಗಿದೆ, ಬೇರೆ ವೀಸಾ ಬೇಡ. ಆದರೂ ಪಾಸ್‌ಪೋರ್ಟ್ ಮತ್ತು ವಾಸದ ಪರವಾನಗಿ ಕಾರ್ಡ್ ಕೈಯಲ್ಲಿರಲಿ. ದುಡ್ಡು ಯೂರೋ. ಗಡಿಯಾರ ಫಿನ್ಲೆಂಡಿನದು, ಸ್ವೀಡನ್‌ಗಿಂತ ಒಂದು ಗಂಟೆ ಮುಂದೆ. ವಾಪಸ್ ಹಡಗು ತಪ್ಪುವುದು ಹೆಚ್ಚಾಗಿ ಇದನ್ನು ಮರೆತವರಿಗೆ. ಓಲಂಡಿನ ಎಕೆರೊ ಬಂದರಿನಿಂದ ಸ್ವೀಡನ್ನಿನ ಗ್ರಿಸ್ಲೆಹಾಮ್ನ್‌ಗೆ ಸುಮಾರು 2 ಗಂಟೆಯ ದಾರಿ. ಬೋರ್ಡುಗಳೆಲ್ಲ ಸ್ವೀಡಿಷ್‌ನಲ್ಲಿ, ಹೆಲ್ಸಿಂಕಿಯಲ್ಲಿ ಕಲಿತ ಫಿನ್ನಿಷ್ ಇಲ್ಲಿ ಹೆಚ್ಚು ಉಪಯೋಗಕ್ಕೆ ಬಾರದು. ಅಲ್ಲಿಂದ ಊರಿಗೆ ಕಾರ್ಡ್ ಕಳಿಸುವುದಾದರೆ ಓಲಂಡಿನ ಚೀಟಿಯನ್ನೇ ಅಂಟಿಸಬೇಕು. 1984ರಿಂದ ಅಲ್ಲಿನ ಅಂಚೆಯಲ್ಲಿ ನಡೆಯುತ್ತಿರುವುದು ಅದೇ.